ಕೊನೆಗೂ ಸಿಕ್ಕಿಬಿದ್ದಳು, ನಾಲ್ಕನೇ ಸಲ

ಎಲೆನಾ ಫೆರಾಂಟೆ ಕೊನೆಗೂ ಸಿಕ್ಕಿಬಿದ್ದಿದ್ದಾಳೆ. 2006ರಲ್ಲಿ ಸಿಕ್ಕಿಬಿದ್ದಳು. 2016ರ ಮಾರ್ಚಿನಲ್ಲಿ ಮತ್ತೆ ಸಿಕ್ಕಿಬಿದ್ದಳು. ಅದೇ ವರ್ಷ ಅಕ್ಟೋಬರಿನಲ್ಲಿ ಇನ್ನೊಂದು ಸಲ. ಮರುವರ್ಷ ಸೆಪ್ಟೆಂಬರಿನಲ್ಲಿ ಮಗದೊಂದು ಸಲ. ಒಮ್ಮೆ ಗಂಡಸಾಗಿ, ಒಮ್ಮೆ ಪ್ರೊಫೆಸರಮ್ಮನಾಗಿ, ಒಮ್ಮೆ ಅನುವಾದಕಿಯಾಗಿ, ಆಮೇಲೆ ಪುನಃ ಮೊದಲಿನ ಗಂಡಸಾಗಿಯೇ. ಪ್ರತಿ ಸಲವೂ ಸುದ್ದಿಯ ರಾಗ ಒಂದೇ: ಕೊನೆಗೂ!

ಇಷ್ಟು ಸಲ ಸಿಕ್ಕಿಬಿದ್ದ ಕಳ್ಳ ಯಾವ ಠಾಣೆಯ ದಾಖಲೆಯಲ್ಲೂ ಇರಲಾರ. ಆಕೆ ಮಾಡಿದ ಅಪರಾಧವಾದರೂ ಏನು? ಗುಪ್ತನಾಮದಲ್ಲಿ ಕಾದಂಬರಿ ಬರೆದದ್ದು. ಬರೆದು ಫೋಟೋ ಕೊಡದೆ ಇದ್ದದ್ದು.

1992ರಲ್ಲಿ ರೋಮಿನ ಪುಟ್ಟ ಪ್ರಕಾಶನವೊಂದು ಆಕೆಯ ಮೊದಲ ಕಾದಂಬರಿ ತಂದಿತು. ಪುಸ್ತಕ ಅಚ್ಚಾಗುವ ಮೊದಲೇ ಆಕೆ ಪ್ರಕಾಶಕರಿಗೆ ಪತ್ರ ಬರೆದು, ಪ್ರಚಾರಕ್ಕೆ ನನ್ನನ್ನು ಕರೆಯಬೇಡಿ ಎಂದಿದ್ದಳು. ಕರೆಯಲಿಲ್ಲ. ಇಪ್ಪತ್ತು ವರ್ಷ ಯಾರಿಗೂ ಆಕೆ ಯಾರೆಂಬ ತಲೆನೋವು ಇರಲಿಲ್ಲ, ಇಟಲಿಯ ಕೆಲವು ಸಾಹಿತಿಗಳನ್ನು ಬಿಟ್ಟರೆ. 2011ರಿಂದ 2014ರವರೆಗೆ ನೇಪಲ್ಸ್‌ನ ಇಬ್ಬರು ಗೆಳತಿಯರ ಕಥೆ ನಾಲ್ಕು ಸಂಪುಟಗಳಲ್ಲಿ ಬಂತು. ಜಗತ್ತು ಮುಗಿಬಿದ್ದು ಓದಿತು. ಆಗ ಪತ್ರಿಕೆಗಳಿಗೆ ಇದ್ದಕ್ಕಿದ್ದಂತೆ ಸತ್ಯದ ಹಸಿವು ಹುಟ್ಟಿತು. ಪುಸ್ತಕ ಮಾರಾಟವಾಗದ ಲೇಖಕಿಯ ನಿಜನಾಮಕ್ಕೆ ಸತ್ಯದ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ.

ನಮ್ಮಲ್ಲಿ ಕಾವ್ಯನಾಮ ಮುಚ್ಚಿಡುವ ಸಾಮಾನಲ್ಲ. ಅಂಬಿಕಾತನಯದತ್ತ ಯಾರು ಎಂದು ಕೇಳಿದ್ದರೆ ಧಾರವಾಡದ ಯಾವ ಹುಡುಗನೂ ಸಾಧನಕೇರಿಯ ದಾರಿ ತೋರಿಸುತ್ತಿದ್ದ. ಶಾಲು, ಹಾರ, ಹಣ್ಣಿನ ಬುಟ್ಟಿ ಇಲ್ಲದೆ ಪುಸ್ತಕ ಬಿಡುಗಡೆಯಾಗದ ನಾಡು ಇದು. ವೇದಿಕೆಗೆ ಬರಲೊಲ್ಲದ ಲೇಖಕಿ ನಮಗೆ ಅರ್ಥವಾಗದಿದ್ದರೆ ಕ್ಷಮಿಸಬಹುದು. ಯುರೋಪಿಗೂ ಅರ್ಥವಾಗಲಿಲ್ಲ ಎಂಬುದು ತಮಾಷೆ. ವೈಯಕ್ತಿಕ ಬದುಕಿನ ಖಾಸಗಿತನದ ಬಗ್ಗೆ ಮಣಗಟ್ಟಲೆ ಸಂಪಾದಕೀಯ ಬರೆದದ್ದು ಅದೇ ಯುರೋಪಲ್ಲವೇ?

ಈಗ ವಿದ್ವಾಂಸರ ಕಡೆ ಬರೋಣ. ಪಾಪ, ಈ ಗಲಾಟೆಯಲ್ಲಿ ಕೆಲಸ ಮಾಡಿದವರು ಅವರು ಮಾತ್ರ.

ಶೈಲಿಮಾಪನ ಎಂಬ ವಿದ್ಯೆ ಇದೆ. ಯಾರೂ ಲಕ್ಷ್ಯ ಕೊಡದ ಪುಟ್ಟ ಪದಗಳನ್ನು ಎಣಿಸುವ ಕೆಲಸ. ನಮ್ಮಲ್ಲಾದರೆ ‘ಆದರೆ’, ‘ಮತ್ತು’, ‘ಹಾಗೂ’, ‘ಅಂತ’, ‘ಎಂದು’. ಒಬ್ಬ ಲೇಖಕ ‘ಮತ್ತು’ ಎಂದು ಬರೆಯುವ ಕಡೆ ಇನ್ನೊಬ್ಬ ‘ಹಾಗೂ’ ಬರೆಯುತ್ತಾನೆ. ಮೂರನೆಯವನು ಎರಡನ್ನೂ ಬಿಟ್ಟು ಅಲ್ಪವಿರಾಮ ಹಾಕಿ ಮುಂದೆ ಹೋಗುತ್ತಾನೆ. ಮೂವರಿಗೂ ಇದು ಗೊತ್ತಿರುವುದಿಲ್ಲ. ಕಥೆ ಬದಲಿಸಬಹುದು, ಉಪಮೆ ಬದಲಿಸಬಹುದು, ಹೆಸರಂತೂ ಬದಲಿಸಿಯೇ ಬಿಡಬಹುದು. ಸಾವಿರ ಪುಟದ ಉದ್ದಕ್ಕೂ ‘ಹಾಗೂ’ವಿಗೆ ಕಾವಲು ಕೂರುವುದು ಯಾರಿಂದಲೂ ಆಗದು. ಅದಕ್ಕೇ ಎಣಿಸುತ್ತಾರೆ. ಎಣಿಸಿ, ಯಾವ ಎರಡು ಬರವಣಿಗೆಗಳ ಲೆಕ್ಕ ಹತ್ತಿರ ಹತ್ತಿರ ಬಂತು ಎಂದು ನೋಡುತ್ತಾರೆ.

ಹತ್ತಿರ. ವಿದ್ವಾಂಸ ಇಷ್ಟೇ ಹೇಳುತ್ತಾನೆ. ಅದೂ ತಾನು ಹೋಲಿಸಿ ನೋಡಿದವರ ನಡುವೆ ಮಾತ್ರ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಅಮೆರಿಕದ ಸಂವಿಧಾನದ ಪರವಾಗಿ 1787–88ರಲ್ಲಿ ‘ಪಬ್ಲಿಯಸ್’ ಎಂಬ ಹೆಸರಿನಲ್ಲಿ 85 ಲೇಖನಗಳು ಬಂದವು. ಅವುಗಳಲ್ಲಿ ಹನ್ನೆರಡು ಯಾರವು, ಹ್ಯಾಮಿಲ್ಟನ್ನನವೋ ಮ್ಯಾಡಿಸನ್ನನವೋ ಎಂಬ ಜಗಳ ಶತಮಾನ ದಾಟಿ ನಡೆಯಿತು. 1964ರಲ್ಲಿ ಮೋಸ್ಟೆಲರ್ ಮತ್ತು ವ್ಯಾಲೇಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಇಂಥದೇ ಚಿಲ್ಲರೆ ಪದಗಳನ್ನು ಎಣಿಸಿ ಮ್ಯಾಡಿಸನ್ ಕಡೆ ತೂಕ ಹೆಚ್ಚು ಎಂದರು. ತೂಕ ಎಷ್ಟು ಹೆಚ್ಚು ಎಂದೂ ಲೇಖನ ಲೇಖನಕ್ಕೆ ಲೆಕ್ಕ ಕೊಟ್ಟರು. ಇದ್ದವರು ಇಬ್ಬರೇ ಅಭ್ಯರ್ಥಿಗಳು. ಇಬ್ಬರ ಬೇರೆ ಬರಹಗಳೂ ಬೇಕಾದಷ್ಟಿದ್ದವು. ಆದರೂ ಅವರು ಸಂಭವದ ಭಾಷೆ ಬಿಡಲಿಲ್ಲ.

ಫೆರಾಂಟೆ ವಿಷಯದಲ್ಲಿ ಇಂಥ ಕೆಲಸ ನಡೆದದ್ದು ಪಾದೊವಾ ವಿಶ್ವವಿದ್ಯಾಲಯದಲ್ಲಿ. ಅರ್ಜುನಾ ತುತ್ಸಿ ಮತ್ತು ಮಿಕೆಲೆ ಕೊರ್ತೆಲಾತ್ಸೊ 40 ಕಾದಂಬರಿಕಾರರ 150 ಇಟಾಲಿಯನ್ ಕಾದಂಬರಿಗಳನ್ನು ಒಟ್ಟುಹಾಕಿದರು. ಅಂದಹಾಗೆ ಅರ್ಜುನಾ ಮಹಿಳೆ, ಮಿಕೆಲೆ ಪುರುಷ. ಇಷ್ಟು ಹೇಳದಿದ್ದರೆ ನಮ್ಮ ಸುದ್ದಿಮನೆಗಳು ಇಬ್ಬರನ್ನೂ ಅದಲುಬದಲು ಮಾಡಿ ಅಚ್ಚು ಹಾಕುತ್ತವೆ. ಹೆಸರು ನೋಡಿ ಗಂಡೋ ಹೆಣ್ಣೋ ಹೇಳಲಾರದವರು ಶೈಲಿ ನೋಡಿ ಹೇಳಲು ಹೊರಟಿದ್ದಾರೆ.

ತಾವು ಕೂಡಿಸಿದ ಈ ರಾಶಿಯನ್ನು ಅವರು ಬೇರೆ ಬೇರೆ ದೇಶಗಳ ತಜ್ಞರಿಗೂ ಕೊಟ್ಟರು. ನಿಮ್ಮ ನಿಮ್ಮ ವಿಧಾನದಲ್ಲಿ ನೋಡಿ ಎಂದರು. 2017ರ ಸೆಪ್ಟೆಂಬರಿನಲ್ಲಿ ಎಲ್ಲರೂ ಪಾದೊವಾದಲ್ಲಿ ಸೇರಿದರು. ಎಲ್ಲರ ಲೆಕ್ಕವೂ ಒಂದೇ ಕಡೆ ಬೆರಳು ಮಾಡಿತು: ಡೊಮೆನಿಕೊ ಸ್ತಾರ್ನೋನೆ. 2006ರಲ್ಲೂ ಹೆಸರು ಕೇಳಿಬಂದಿದ್ದ, ನೇಪಲ್ಸ್ ಕಡೆಯ ಹಿರಿಯ ಕಾದಂಬರಿಕಾರ. 2001ರ ಸ್ಟ್ರೇಗಾ ಪ್ರಶಸ್ತಿ ಪಡೆದವರು. ಇದು ಸಣ್ಣ ಮಾತಲ್ಲ. ಒಂದೊಂದು ದಾರಿಯಲ್ಲಿ ಹೊರಟವರು ಒಂದೇ ಬಾಗಿಲಿಗೆ ಬಂದು ನಿಂತರೆ ಆ ಬಾಗಿಲಿಗೆ ಅರ್ಥವಿದೆ.

ಆದರೆ ಒಂದು ತೊಡಕಿತ್ತು. ಹನ್ನೊಂದು ತಿಂಗಳ ಹಿಂದಷ್ಟೇ ಪತ್ರಿಕೆಗಳು ಫೆರಾಂಟೆ ಎಂದು ಘೋಷಿಸಿದ್ದ ಅನಿತಾ ರಾಯಾ ಆ 150 ಪುಸ್ತಕಗಳ ರಾಶಿಯಲ್ಲಿ ಇರಲೇ ಇಲ್ಲ. ಇರುವಂತೆಯೂ ಇರಲಿಲ್ಲ. ಆಕೆ ಜರ್ಮನ್‌ನಿಂದ ಕ್ರಿಸ್ತಾ ವೋಲ್ಫ್ ಮೊದಲಾದವರನ್ನು ಇಟಾಲಿಯನ್ನಿಗೆ ತಂದ ಅನುವಾದಕಿ. ಸ್ವಂತ ಹೆಸರಿನಲ್ಲಿ ಕಾದಂಬರಿಯೇ ಇಲ್ಲ. ಅನುವಾದದಲ್ಲಿ ಅರ್ಧ ದನಿ ಮೂಲ ಲೇಖಕರದು, ಕಾದಂಬರಿಯ ಪಕ್ಕ ಅದನ್ನಿಟ್ಟು ತೂಗಲಾಗದು. ಪೋಟಿಗೇ ಇಳಿಯದವಳು ಸೋತಳು ಎಂದು ಪತ್ರಿಕೆಗಳು ಸಾರಿದವು! ಜೊತೆಗೆ ಇನ್ನೊಂದು ಮಾತು. ರಾಯಾ ಸ್ತಾರ್ನೋನೆಯ ಹೆಂಡತಿ. ದಶಕಗಳಿಂದ ಒಂದೇ ಮನೆಯಲ್ಲಿ ಓದಿ ಬರೆದು ಮಾತಾಡುವ ಇಬ್ಬರ ‘ಆದರೆ’, ‘ಅಂದರೆ’ಗಳು ಎಷ್ಟು ಬೆರೆತಿರಬಹುದು? ಎಣಿಕೆಗೆ ಈ ಪ್ರಶ್ನೆ ಕೇಳಲು ಬರುತ್ತದೆ, ಉತ್ತರ ಹೇಳಲು ಬರುವುದಿಲ್ಲ. ವಿದ್ವಾಂಸರಿಗೆ ಇದು ಗೊತ್ತಿತ್ತು. ವರದಿಗಾರನಿಗೆ ಗೊತ್ತಿದ್ದದ್ದು ಡೆಡ್‌ಲೈನ್ ಮಾತ್ರ.

ಒಂದು ವಾಕ್ಯ ಹೇಗೆ ಪ್ರಯಾಣ ಮಾಡುತ್ತದೆ ನೋಡಿ. ಪ್ರಬಂಧದಲ್ಲಿ ಇರುವುದು: ನಾವು ಪರೀಕ್ಷಿಸಿದ ಕಾದಂಬರಿಕಾರರ ಪೈಕಿ ಸ್ತಾರ್ನೋನೆಯ ಶೈಲಿ ಫೆರಾಂಟೆಯ ಶೈಲಿಗೆ ಅತಿ ಹತ್ತಿರ. ಸುದ್ದಿಸಂಸ್ಥೆ ತಲುಪುವಷ್ಟರಲ್ಲಿ ‘ನಾವು ಪರೀಕ್ಷಿಸಿದ’ ಉದುರುತ್ತದೆ. ಉಪಸಂಪಾದಕನ ಮೇಜಿನ ಮೇಲೆ ‘ಶೈಲಿ’ ಉದುರುತ್ತದೆ. ಶೀರ್ಷಿಕೆಯಲ್ಲಿ ಜಾಗ ಸಾಲದೆ ‘ಅತಿ ಹತ್ತಿರ’ವೂ ಹೋಗುತ್ತದೆ. ಉಳಿಯುವುದು: ಫೆರಾಂಟೆ ಗಂಡಸು! ಇನ್ನು ಅದು ಟೀವಿಗೆ ಬಂದರೆ ಮುಗಿಯಿತು. ಕೆಂಪು ಅಕ್ಷರ, ಢಂ ಎಂಬ ಸದ್ದು, ವೃತ್ತ ಹಾಕಿದ ಮುಖ, ಬಾಣದ ಗುರುತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಇಲ್ಲಿ ಸಂಬಳ ಕೊಟ್ಟು ಸಾಕುತ್ತಾರೆ.

ನ್ಯೂಶಾಟೆಲ್ ವಿಶ್ವವಿದ್ಯಾಲಯದ ಜಾಕ್ ಸವೊಯ್ ಆ ತಂಡದಲ್ಲಿದ್ದವರು. ತಮ್ಮ ಒಂದು ಪ್ರಬಂಧಕ್ಕೆ ಅವರು ಕೊಟ್ಟ ಶೀರ್ಷಿಕೆಯೇ ಒಂದು ಪ್ರಶ್ನೆ: ಫೆರಾಂಟೆಯ ಹಿಂದಿರುವ ಲೇಖಕ ನಿಜಕ್ಕೂ ಸ್ತಾರ್ನೋನೆಯೇ? ಒಳಗೆ ಆತ ಸ್ತಾರ್ನೋನೆ ಕಡೆಗೇ ಗಟ್ಟಿಯಾಗಿ ವಾಲುತ್ತಾರೆ, ಅದನ್ನು ಮುಚ್ಚಿಡಬೇಕಿಲ್ಲ. ವಾಲುವುದಕ್ಕೆ ಕಾರಣ ಕೊಡುತ್ತಾರೆ, ಕೋಷ್ಟಕ ಕೊಡುತ್ತಾರೆ, ತಪ್ಪು ಹಿಡಿಯಲು ನಿಮಗೆ ಸಲಕರಣೆಯನ್ನೂ ಕೊಡುತ್ತಾರೆ. ತೀರ್ಮಾನದ ಹತ್ತಿರ ಬಂದವನೂ ಪ್ರಶ್ನೆಚಿಹ್ನೆ ಉಳಿಸಿಕೊಂಡ. ಕೋಷ್ಟಕ ನೋಡದವರು ಉದ್ಗಾರಚಿಹ್ನೆ ಹಾಕಿದರು. ವಿದ್ವಾಂಸರೂ ಹಾಲಿನಲ್ಲಿ ತೊಳೆದವರೇನಲ್ಲ ಬಿಡಿ. ಕ್ಯಾಮೆರಾ ಕಂಡರೆ ಅವರ ಬೆನ್ನೂ ನೆಟ್ಟಗಾಗುತ್ತದೆ. ಆದರೂ ಅವರ ಕಡೆ ಕಾಗದ ಇದೆ, ಓದಬಹುದು.

ರೌಲಿಂಗ್ ಕಥೆ ಇದಕ್ಕಿಂತ ಸೊಗಸು. 2013ರ ಜುಲೈನಲ್ಲಿ ಲಂಡನ್ನಿನ ಸಂಡೇ ಟೈಮ್ಸ್, ರಾಬರ್ಟ್ ಗಾಲ್‌ಬ್ರೇತ್ ಎಂಬ ಹೊಸ ಪತ್ತೇದಾರಿ ಲೇಖಕ ಹ್ಯಾರಿ ಪಾಟರ್ ಖ್ಯಾತಿಯ ಜೆ.ಕೆ. ರೌಲಿಂಗ್ ಎಂದು ಪ್ರಕಟಿಸಿತು. ಅಂದಿನಿಂದ ಇಂದಿನವರೆಗೆ ಪತ್ರಿಕೆಗಳಲ್ಲಿ ಒಂದೇ ಪುರಾಣ: ಕಂಪ್ಯೂಟರ್ ರೌಲಿಂಗ್‌ಳನ್ನು ಹಿಡಿಯಿತು. ಹಿಡಿದದ್ದು ಹರಟೆ, ಸ್ವಾಮಿ. ಆಕೆಯ ವಕೀಲರ ಕಚೇರಿಯ ಒಬ್ಬ ಪಾಲುದಾರ ಹೆಂಡತಿಯ ಗೆಳತಿಗೆ ಗುಟ್ಟು ಹೇಳಿದ. ಆ ಗೆಳತಿ ಟ್ವಿಟ್ಟರಿನಲ್ಲಿ ಒಬ್ಬ ಅಂಕಣಕಾರ್ತಿಗೆ ಹೇಳಿದಳು. ಪತ್ರಿಕೆಗೆ ಹೆಸರು ಮೊದಲೇ ಗೊತ್ತಿತ್ತು. ಆಮೇಲೆ ಗೊತ್ತಿದ್ದ ಹೆಸರಿಗೆ ಶಾಸ್ತ್ರದ ಮುದ್ರೆ ಒತ್ತಿಸಲು ತಜ್ಞರ ಹತ್ತಿರ ಹೋದರು. ವಕೀಲನಿಗೆ 1,000 ಪೌಂಡ್ ದಂಡ ಬಿತ್ತು.

ಪಿಟ್ಸ್‌ಬರ್ಗಿನ ಡ್ಯುಕೇನ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಜುವೋಲಾ ಆಗ ಮಾಡಿದ್ದು ಇಷ್ಟು. ಗಾಲ್‌ಬ್ರೇತ್‌ನ ಕಾದಂಬರಿಯನ್ನು ನಾಲ್ವರು ಲೇಖಕಿಯರ ಒಂದೊಂದು ಕಾದಂಬರಿಯ ಜೊತೆ ಹೋಲಿಸಿದರು: ರೌಲಿಂಗ್, ರೂತ್ ರೆಂಡೆಲ್, ಪಿ.ಡಿ. ಜೇಮ್ಸ್, ವಾಲ್ ಮೆಕ್‌ಡರ್ಮಿಡ್. ಪದಗಳ ಉದ್ದ, ಅತಿ ಹೆಚ್ಚು ಬಳಕೆಯ ನೂರು ಪದ, ಜೋಡಿಪದ, ಅಕ್ಷರಗಳ ನಾಲ್ಕರ ಗುಂಪು. ನಾಲ್ವರೊಳಗೆ ರೌಲಿಂಗ್ ಹೆಚ್ಚು ಹೊಂದುತ್ತಾಳೆ ಎಂದು ಬಂತು. ಇದು ಸೂಚನೆ, ಪುರಾವೆಯಲ್ಲ ಎಂದು ಜುವೋಲಾ ತಾವೇ ವಿವರಿಸಿದರು. ಆಕ್ಸ್‌ಫರ್ಡಿನ ಪೀಟರ್ ಮಿಲಿಕನ್ ಕೂಡ ಬೇರೆಯಾಗಿ ಪರೀಕ್ಷಿಸಿದ್ದರು. ಪತ್ರಿಕೆ ಕೇಳಿದ ಮೇಲೆ ರೌಲಿಂಗ್ ಒಪ್ಪಿಕೊಂಡಳು. ಗುಟ್ಟು ರಟ್ಟಾಗುವ ಮುನ್ನ ಸುಮಾರು 1,500 ಗಟ್ಟಿ ರಟ್ಟಿನ ಪ್ರತಿ ಮಾರಾಟವಾಗಿದ್ದ ಪುಸ್ತಕ ಅಮೆಜಾನ್ ಪಟ್ಟಿಯ ತುದಿಗೆ ಹಾರಿತು. ಪುಸ್ತಕದ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಮಾತು ತಪ್ಪಿದ ವಕೀಲ ಕಥೆಯಿಂದ ಮಾಯ, ಮಾಯಾಯಂತ್ರ ಮಾತ್ರ ಉಳಿಯಿತು. ಯಾಕೆಂದರೆ ವಕೀಲನ ಕಥೆಯಲ್ಲಿ ಪತ್ರಿಕೆ ಹರಟೆ ಕೇಳಿಸಿಕೊಂಡವನ ಸ್ಥಾನದಲ್ಲಿದೆ. ಯಂತ್ರದ ಕಥೆಯಲ್ಲಿ ಅದು ಸಂಶೋಧಕ.

ಸರಿ, ಇಟಲಿಗೆ ವಾಪಸ್ಸು. 2016ರ ಮಾರ್ಚಿನಲ್ಲಿ ಪೀಸಾದ ವಿದ್ವಾಂಸ ಮಾರ್ಕೊ ಸಾಂತಗಾತಾ ‘ಕೊರಿಯೆರೆ ದೆಲ್ಲಾ ಸೇರಾ’ದಲ್ಲಿ ಒಂದು ಊಹೆ ಮಂಡಿಸಿದರು. ಕಾದಂಬರಿಯ ನಾಯಕಿ ಪೀಸಾದಲ್ಲಿ ಓದುತ್ತಾಳೆ. ಆ ಊರಿನ ವಿವರಗಳು ಅಲ್ಲಿ ಇದ್ದವರಿಗೇ ಗೊತ್ತಾಗುವಂಥವು. 60ರ ದಶಕದಲ್ಲಿ ಅಲ್ಲಿ ಓದಿದ ನೇಪಲ್ಸ್ ಕಡೆಯವರು ಯಾರು ಎಂದು ಹುಡುಕಿದಾಗ ಇತಿಹಾಸದ ಪ್ರಾಧ್ಯಾಪಕಿ ಮಾರ್ಚೆಲ್ಲಾ ಮಾರ್ಮೊ ಹೆಸರು ಬಂತು. ಹಳೆಯ ಹಸ್ತಪ್ರತಿಗೆ ಕರ್ತೃವನ್ನು ಹುಡುಕುವ ಕ್ರಮವನ್ನೇ ಅವರು ಇಲ್ಲಿಗೂ ತಂದಿದ್ದರು. ಹಸ್ತಪ್ರತಿಯ ಕರ್ತೃ ಸತ್ತು ಆರುನೂರು ವರ್ಷವಾಗಿರುತ್ತದೆ, ಅವನ ಮನೆಗೆ ಫೋನ್ ಹೋಗುವುದಿಲ್ಲ. ಮಾರ್ಮೊ ಬದುಕಿದ್ದರು. ನಾನಲ್ಲ ಎಂದರು. ಪ್ರಕಾಶಕರೂ ಅಲ್ಲ ಎಂದರು. ಊಹೆ ಎಂದು ಬರೆದದ್ದು ಗಡಿ ದಾಟುವಾಗ ‘ಗುಟ್ಟು ಬಹಿರಂಗ’ ಆಗಿಹೋಗಿತ್ತು.

ಅಕ್ಟೋಬರ್ 2ರಂದು ಪತ್ರಕರ್ತ ಕ್ಲೌಡಿಯೊ ಗಾತ್ತಿ ಬಂದ. ಸತ್ಯಶೋಧನೆಗೆ ದಿನ ಚೆನ್ನಾಗಿಯೇ ಆರಿಸಿಕೊಂಡಿದ್ದ. ಇಟಲಿಯ ವಾಣಿಜ್ಯ ಪತ್ರಿಕೆ ‘ಇಲ್ ಸೋಲೆ 24 ಓರೆ’, ಜೊತೆಗೆ ಒಂದು ಜರ್ಮನ್, ಒಂದು ಫ್ರೆಂಚ್, ಒಂದು ಅಮೆರಿಕನ್ ಪ್ರಕಟಣೆ, ನಾಲ್ಕೂ ಕಡೆ ಒಂದೇ ದಿನ. ಯಾವುದೋ ದೇಶದ ಪ್ರಧಾನಿಯ ಸ್ವಿಸ್ ಖಾತೆ ಸಿಕ್ಕಿತೇನೋ ಎನ್ನುವಂಥ ಸಿದ್ಧತೆ. ಸಿಕ್ಕಿದ್ದು ಅನುವಾದಕಿಯ ಸಂಭಾವನೆ. ಪ್ರಕಾಶನದಿಂದ ರಾಯಾಗೆ ಹೋದ ಹಣ, ಫೆರಾಂಟೆಯ ಮಾರಾಟ ಏರಿದಂತೆ ಏರಿದೆ. 2000ದಲ್ಲಿ ಆಕೆ ರೋಮಿನಲ್ಲಿ ಏಳು ಕೋಣೆಯ ಮನೆ ಕೊಂಡಳು. 2016ರಲ್ಲಿ ಗಂಡ ಹನ್ನೊಂದು ಕೋಣೆಯ ಮನೆ ಕೊಂಡ. ಸಾಹಿತ್ಯ ವಿಮರ್ಶೆಗೆ ಹೊಸ ಮಾನದಂಡ ಸಿಕ್ಕಿತು: ಕೋಣೆ ಎಣಿಸುವುದು.

ಹಣ ಯಾರಿಗೆ ಹೋಯಿತು ಎಂದು ರಸೀದಿ ಹೇಳುತ್ತದೆ. ರಾತ್ರಿ ಕುಳಿತು ಬರೆದವರು ಯಾರು ಎಂದು ಹೇಳುವುದಿಲ್ಲ. ಇಷ್ಟು ತಿಳಿಯಲು ಪಿಎಚ್‌.ಡಿ ಬೇಕಿಲ್ಲ. ಗಾತ್ತಿಯ ಇನ್ನೊಂದು ವಾದ ಕೇಳಿ: ಫೆರಾಂಟೆ ತನ್ನ ಬಗ್ಗೆ ಬರೆದುಕೊಂಡದ್ದರಲ್ಲಿ ಸುಳ್ಳಿದೆ, ಆದ್ದರಿಂದ ಗುಟ್ಟಾಗಿರುವ ಹಕ್ಕು ಆಕೆಗಿಲ್ಲ. ಕಾದಂಬರಿಕಾರ್ತಿ ಕಟ್ಟುಕಥೆ ಹೇಳಿದಳಂತೆ! ಅಷ್ಟಕ್ಕೇ ಬಿಟ್ಟನೇ? ರಾಯಾಳ ತಾಯಿ ನಾಜಿಗಳ ಕಾಲದಲ್ಲಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ಕುಟುಂಬದವಳು. ಆ ಕಥೆಯನ್ನೂ ಅಗೆದು ತೆಗೆದು ಪಕ್ಕದಲ್ಲಿ ಹಾಸಿದ. ‘ನಿನ್ನ ನಿಜವಾದ ಹೆಸರೇನು, ಕಾಗದ ತೋರಿಸು’ ಎಂದವರಿಂದ ಓಡಿಬಂದವರ ಮಗಳಿಗೆ ಎಪ್ಪತ್ತು ಎಂಬತ್ತು ವರ್ಷಗಳ ಮೇಲೆ ಅದೇ ಪ್ರಶ್ನೆ.

ಉಳಿದ ಪತ್ರಿಕೆಗಳು ಕೋಪಗೊಂಡವು. ಎಂಥ ಅನ್ಯಾಯ, ಎಂಥ ಅಸಭ್ಯತೆ ಎಂದು ಲೇಖನ ಬರೆದವು. ಆ ಲೇಖನಗಳ ಎರಡನೇ ಪ್ಯಾರಾದಲ್ಲಿ ರಾಯಾಳ ಹೆಸರು, ವೃತ್ತಿ, ಗಂಡನ ಹೆಸರು ತಪ್ಪದೆ ಇದ್ದವು. ಅನ್ಯಾಯ ಓದುಗರಿಗೆ ಸ್ಪಷ್ಟವಾಗಬೇಕಲ್ಲ.

ಮೂರು ದಿನ ಕಳೆಯುವುದರೊಳಗೆ ಟ್ವಿಟ್ಟರಿನಲ್ಲಿ ರಾಯಾ ಹೆಸರಿನ ಖಾತೆ ಹುಟ್ಟಿತು. ಹೌದು, ನಾನೇ ಫೆರಾಂಟೆ ಎಂದಿತು. ಸುದ್ದಿ ಓಡಿತು. ಖಾತೆ ನಕಲಿ ಎಂದು ಪ್ರಕಾಶಕರು ಹೇಳಬೇಕಾಯಿತು. ಮಾಡಿದ್ದು ನಾನು ಎಂದವನು ತೊಮ್ಮಾಸೊ ದೆಬೆನೆದೆತ್ತಿ. ಯಾರೀತ? ಫಿಲಿಪ್ ರಾತ್, ಜಾನ್ ಗ್ರಿಶಮ್ ಮುಂತಾದವರ ಜೊತೆ ನಡೆಯದೇ ಇದ್ದ ಸಂದರ್ಶನಗಳನ್ನು ಬರೆದು ಇಟಲಿಯ ಪತ್ರಿಕೆಗಳಿಗೆ ಮಾರಿ 2010ರಲ್ಲಿ ಬಯಲಾದವನು. ಅವನ ಸರಕನ್ನು ಪರೀಕ್ಷಿಸದೆ ವರ್ಷಗಟ್ಟಲೆ ಅಚ್ಚು ಹಾಕಿದ್ದ ಪತ್ರಿಕೋದ್ಯಮವೇ ಈಗ ಒಬ್ಬ ಹೆಂಗಸಿನ ಹೆಸರು ಅಸಲಿಯೇ ಎಂದು ಪರೀಕ್ಷಿಸುತ್ತಿತ್ತು.

ಈ ನ್ಯಾಯಾಲಯದ ಸಾಕ್ಷ್ಯ ಕಾಯಿದೆ ವಿಚಿತ್ರ. ಸ್ತಾರ್ನೋನೆ ವರ್ಷಗಳಿಂದ ಅಲ್ಲ ಅಲ್ಲ ಎನ್ನುತ್ತಿದ್ದಾರೆ. ಅಷ್ಟು ಸಲ ಅಲ್ಲ ಅನ್ನುವವನಿಗೆ ಏನೋ ಇರಬೇಕು. ರಾಯಾ ಒಪ್ಪಿಲ್ಲ, ಮಾತೇ ಆಡಿಲ್ಲ. ಮೌನಂ ಸಮ್ಮತಿ ಲಕ್ಷಣಂ. ಬಾಯಿಬಿಟ್ಟು ಹೌದು ಎಂದದ್ದು ನಕಲಿ ಖಾತೆಯೊಂದೇ.

2017ರಲ್ಲಿ ಪಾದೊವಾದ ಸುದ್ದಿ ಬಂದಾಗ, ಹಿಂದಿನ ವರ್ಷ ರಾಯಾ ಎಂದು ಹೇಳಿದ್ದೆವು, ತಿದ್ದಿ ಓದಿಕೊಳ್ಳಿ ಎಂದು ಯಾರೂ ಹಾಕಿದ್ದು ನನಗೆ ಕಾಣಲಿಲ್ಲ. ಕೆಲವರು ಜಾಣತನದಿಂದ ಎರಡನ್ನೂ ಕೂಡಿಸಿದರು: ಗಂಡ ಬರೆಯುತ್ತಾನೆ, ಹೆಂಡತಿ ದುಡ್ಡು ಎಣಿಸುತ್ತಾಳೆ. ಹೆಣ್ಣುಮಕ್ಕಳ ಗೆಳೆತನ, ಹೊಟ್ಟೆಕಿಚ್ಚು, ಬಸಿರು, ಬಾಣಂತನ, ಗಂಡನ ಏಟು ಇವನ್ನು ಇಷ್ಟು ಹತ್ತಿರದಿಂದ ಬರೆದವಳು ಹೆಣ್ಣು ಎಂದು ನಂಬಲು ಎಷ್ಟು ಕಷ್ಟವಾಯಿತು ನೋಡಿ. ನೇಪಲ್ಸ್‌ನ ಬಗ್ಗೆ ಗಂಡಸೊಬ್ಬ ಬರೆದಾಗ ಅವನ ಹೆಂಡತಿ ಬರೆದುಕೊಟ್ಟಳೇ ಎಂದು ಯಾವ ಸುದ್ದಿಮನೆಯೂ ತಲೆ ಕೆಡಿಸಿಕೊಂಡಿಲ್ಲ. ಹೋಲಿಕೆ ಎರಡೂ ದಿಕ್ಕಿಗೆ ಓಡುತ್ತದೆ. ಫೆರಾಂಟೆ ಸ್ತಾರ್ನೋನೆಗೆ ಹತ್ತಿರವಾದರೆ ಸ್ತಾರ್ನೋನೆಯೂ ಫೆರಾಂಟೆಗೆ ಅಷ್ಟೇ ಹತ್ತಿರ. ಸ್ತಾರ್ನೋನೆಯ ಪುಸ್ತಕಗಳನ್ನು ಬರೆದವರು ಯಾರು ಎಂಬ ಶೀರ್ಷಿಕೆಗಾಗಿ ಹುಡುಕಿ ನೋಡಿ.

ಪಾದೊವಾದ ಪ್ರಬಂಧಗಳೆಲ್ಲ 2018ರಲ್ಲಿ ಪುಸ್ತಕವಾಗಿ ಬಂದಿವೆ. ಯಾವ ಪುಸ್ತಕಗಳನ್ನು ಹೋಲಿಸಿದರು, ಹೇಗೆ ಎಣಿಸಿದರು ಎಲ್ಲ ಅಲ್ಲಿದೆ. ಇನ್ನೂ ಪ್ರತಿ ವರ್ಷ ಎಲ್ಲೋ ಒಂದು ಕಡೆ ‘ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ’ ಎಂಬ ಸಾಲು ಹಲ್ಲು ಕಿರಿಯುತ್ತದೆ. ಸಾಬೀತು ಎಂಬ ಮಾತು ಯಾವ ಪುಟದಲ್ಲಿದೆ ಎಂದು ಕೇಳಿದರೆ, ಪುಟ ಎಂದರೇನು ಎನ್ನುವಂತೆ ನೋಡುತ್ತಾರೆ.

2024ರಲ್ಲಿ ನ್ಯೂಯಾರ್ಕ್ ಟೈಮ್ಸ್ 503 ಮಂದಿ ಲೇಖಕರು, ವಿಮರ್ಶಕರನ್ನು ಕೇಳಿ ಈ ಶತಮಾನದ ನೂರು ಪುಸ್ತಕಗಳ ಪಟ್ಟಿ ಮಾಡಿತು. ಮೊದಲ ಸ್ಥಾನ ಫೆರಾಂಟೆಯ ‘ಮೈ ಬ್ರಿಲಿಯಂಟ್ ಫ್ರೆಂಡ್’ಗೆ. ಆ ಕಾದಂಬರಿ ಶುರುವಾಗುವುದೇ ಅರವತ್ತು ದಾಟಿದ ಹೆಂಗಸೊಬ್ಬಳು ಮಾಯವಾಗುವುದರಿಂದ. ತನ್ನ ಬಟ್ಟೆಬರೆ, ಕಾಗದಪತ್ರ ಒಂದನ್ನೂ ಬಿಡದೆ, ಹಳೆಯ ಫೋಟೋಗಳಲ್ಲಿ ತನ್ನ ಮುಖವಿದ್ದ ಭಾಗವನ್ನು ಕತ್ತರಿಸಿಕೊಂಡು ಹೋಗಿರುತ್ತಾಳೆ. ಪಟ್ಟಿಯ ಸುದ್ದಿ ಬರೆದವರಲ್ಲಿ ಯಾರನ್ನಾದರೂ ತಡೆದು ಕೇಳಿ, ಆ ಹೆಂಗಸಿನ ಹೆಸರೇನು ಎಂದು. ತಡವರಿಸುತ್ತಾರೆ. ರೋಮಿನ ಆ ಎರಡನೇ ಮನೆಗೆ ಎಷ್ಟು ಕೋಣೆ ಎಂದು ಕೇಳಿ. ಹನ್ನೊಂದು.